ಹತ್ತೇ ಡಿಗ್ರಿಗೆ ಎರಡು ಪಟ್ಟು ವೇಗ ಎಲ್ಲಿಂದ ಬರುತ್ತದೆ?

ದಾವಣಗೆರೆಯಲ್ಲಿ ಪಿಯು ಕಾಲೇಜುಗಳಿಗೆ ಕೊರತೆಯಿಲ್ಲ. ವಿಜ್ಞಾನ ಓದುವ ಯಾವ ಹುಡುಗನನ್ನು, ಯಾವ ಹುಡುಗಿಯನ್ನು ನಿಲ್ಲಿಸಿ ಕೇಳಿದರೂ ಉತ್ತರ ಥಟ್ಟನೆ ಬರುತ್ತದೆ: ತಾಪಮಾನ ಏರಿದರೆ ಅಣುಗಳು ಜೋರಾಗಿ ಓಡಾಡುತ್ತವೆ, ಒಂದಕ್ಕೊಂದು ಹೆಚ್ಚು ಸಲ ಡಿಕ್ಕಿ ಹೊಡೆಯುತ್ತವೆ, ಅದಕ್ಕೇ ರಾಸಾಯನಿಕ ಕ್ರಿಯೆ ಬೇಗ ಆಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೂತು ಲೆಕ್ಕ ಹಾಕಿದರೆ ಈ ಉತ್ತರ ಆಗುವ ಬದಲಾವಣೆಯ ನೂರರಲ್ಲಿ ಎರಡು ಪಾಲನ್ನೂ ವಿವರಿಸುವುದಿಲ್ಲ. ಉಳಿದ ತೊಂಬತ್ತೆಂಟು ಪಾಲು ಎಲ್ಲಿಂದ ಬರುತ್ತದೆ ಎಂಬುದರಲ್ಲೇ ಈ ವಿಷಯದ ತಿರುಳಿದೆ. ಮಕ್ಕಳು ಅದನ್ನು ತಿಳಿಯದೆ ಕೇವಲ ಸೂತ್ರ ಉರುಹೊಡೆದು ಮುಂದೆ ಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಲೆಕ್ಕವನ್ನು ನಮ್ಮೂರಿನ ಹವೆಯಿಂದಲೇ ಶುರು ಮಾಡೋಣ. ಡಿಸೆಂಬರ್‌ನ ಒಂದು ಮಧ್ಯಾಹ್ನ ನೆರಳಿನಲ್ಲಿ 27 ಡಿಗ್ರಿ ಸೆಲ್ಸಿಯಸ್ ಇದೆ, ಏಪ್ರಿಲ್‌ನಲ್ಲಿ 37 ಇದೆ ಎಂದುಕೊಳ್ಳಿ. ನಮ್ಮ ಮೈಗೆ ಇದು ಅಜಗಜಾಂತರ. ಅಣುಗಳಿಗೆ ಹಾಗಲ್ಲ. ಅವುಗಳ ಲೆಕ್ಕ ನೀರು ಹೆಪ್ಪುಗಟ್ಟುವ ಸೊನ್ನೆಯಿಂದ ಶುರುವಾಗುವುದಿಲ್ಲ. ಅದಕ್ಕೂ 273 ಡಿಗ್ರಿ ಕೆಳಗಿನಿಂದ, ಕೆಲ್ವಿನ್ ಅಳತೆಯಲ್ಲಿ ಶುರುವಾಗುತ್ತದೆ. ಆ ಅಳತೆಯಲ್ಲಿ ನಮ್ಮ ಡಿಸೆಂಬರ್ 300, ಏಪ್ರಿಲ್ 310. ಅಣುಗಳ ಸರಾಸರಿ ಶಕ್ತಿ ಏರುವುದು ಈ ಅನುಪಾತದಲ್ಲಿ, ಅಂದರೆ ನೂರಕ್ಕೆ ಮೂರು ಚಿಲ್ಲರೆ. ಓಟದ ವೇಗ ಏರುವುದು ಅದರ ವರ್ಗಮೂಲದಂತೆ, ಅಂದರೆ ನೂರಕ್ಕೆ 1.6. ಡಿಕ್ಕಿಗಳ ಸಂಖ್ಯೆಯೂ ಹೆಚ್ಚೂಕಡಿಮೆ ಅಷ್ಟೇ ಏರುತ್ತದೆ. ಆದರೆ ಅಳೆದು ನೋಡಿದರೆ, ನಾವು ದಿನಾ ಕಾಣುವ ಎಷ್ಟೋ ಕ್ರಿಯೆಗಳ ವೇಗ ಈ ಹತ್ತು ಡಿಗ್ರಿಗೆ ಎರಡು ಪಟ್ಟು, ಕೆಲವದರದು ಮೂರು ಪಟ್ಟು ಆಗಿರುತ್ತದೆ. ನೂರು ಇದ್ದದ್ದು ಇನ್ನೂರು ಆಗಿದೆ. ಡಿಕ್ಕಿ ಹೆಚ್ಚಾಗಿದ್ದರಿಂದ ಬಂದದ್ದು ಅದರಲ್ಲಿ ಎರಡೂ ಇಲ್ಲ.

ಈ ಲೆಕ್ಕ ತಾಳೆಯಾಗದೆ ಇರುವುದನ್ನು ಹಿಡಿದುಕೊಂಡು ಕೂತವರು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್. 1889ರಲ್ಲಿ ಅವರು ಕೊಟ್ಟ ಉತ್ತರ ಇದು: ಎಲ್ಲ ಅಣುಗಳೂ ಕ್ರಿಯೆಗೆ ತಯಾರಿರುವುದಿಲ್ಲ. ಡಿಕ್ಕಿ ಹೊಡೆದ ಮಾತ್ರಕ್ಕೆ ಹಳೆಯ ಬಂಧ ಮುರಿದು ಹೊಸ ಬಂಧ ಕೂಡುವುದಿಲ್ಲ. ಒಂದು ಮಟ್ಟಕ್ಕಿಂತ ಹೆಚ್ಚು ಶಕ್ತಿ ಇರುವ ಅಣುಗಳು ಮಾತ್ರ ಆಚೆ ದಾಟುತ್ತವೆ. ಆ ಮಟ್ಟವನ್ನು ನಾವು ಸಕ್ರಿಯಣ ಶಕ್ತಿ ಎನ್ನುತ್ತೇವೆ.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಕೋಟೆಯ ಗೋಡೆಯ ಹೊರಗೆ ಕೋಟ್ಯಂತರ ಜನ ಜಿಗಿಯುತ್ತಿದ್ದಾರೆ ಎಂದುಕೊಳ್ಳಿ. ಬಹುಪಾಲು ಜನರ ಜಿಗಿತ ಗೋಡೆಯ ಕಾಲುಭಾಗಕ್ಕೂ ಮುಟ್ಟುವುದಿಲ್ಲ. ಎಲ್ಲೋ ಒಬ್ಬಿಬ್ಬರು ಮಾತ್ರ ಆಚೆ ಬೀಳುತ್ತಾರೆ. ಒಳಗೆ ಎಷ್ಟು ಜನ ಸೇರಿದರು ಎಂಬುದನ್ನು ತೀರ್ಮಾನಿಸುವುದು ಗುಂಪಿನ ಸರಾಸರಿ ಜಿಗಿತವಲ್ಲ, ತುದಿಯಲ್ಲಿರುವ ಆ ಒಬ್ಬಿಬ್ಬರು. ಈಗ ಪ್ರತಿಯೊಬ್ಬರ ಕಾಲಿಗೂ ನೂರಕ್ಕೆ ಮೂರರಷ್ಟು ಹೆಚ್ಚು ಬಲ ಬಂತು ಎನ್ನಿ. ಗುಂಪನ್ನು ನೋಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಗೋಡೆಯ ಅಂಚಿಗೆ ಕೈ ತಾಗಿ ತಾಗಿ ಕೆಳಗೆ ಬೀಳುತ್ತಿದ್ದವರು ಈಗ ದಾಟಿಬಿಡುತ್ತಾರೆ.

ಸಂಖ್ಯೆಯಲ್ಲಿ ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಸಕ್ರಿಯಣ ಶಕ್ತಿ ಒಂದು ಮೋಲ್‌ಗೆ (ಅಣುಗಳನ್ನು ಎಣಿಸುವ ಒಂದು ದೊಡ್ಡ ಅಳತೆ ಇದು) 50 ಕಿಲೋಜೂಲ್ ಇರುವ ಒಂದು ಕ್ರಿಯೆ ತೆಗೆದುಕೊಳ್ಳಿ. ಇದು ಸಾಧಾರಣ ಎತ್ತರದ ಗೋಡೆ. 300 ಕೆಲ್ವಿನ್‌ನಲ್ಲಿ ಅದನ್ನು ದಾಟುವಷ್ಟು ಶಕ್ತಿ ಇರುವುದು ನೂರು ಕೋಟಿ ಡಿಕ್ಕಿಗಳಲ್ಲಿ ಸುಮಾರು ಎರಡಕ್ಕೆ. 310 ಕೆಲ್ವಿನ್‌ನಲ್ಲಿ ಆ ಎರಡು ಹತ್ತಿರ ಹತ್ತಿರ ನಾಲ್ಕಾಗುತ್ತದೆ. ಇದೇ ಆ ಎರಡು ಪಟ್ಟು. ನೂರು ಕೋಟಿಗೆ ಎರಡು ಎಂದರೆ ಲೆಕ್ಕಕ್ಕೇ ಇಲ್ಲದ ಸಂಖ್ಯೆ ಎನಿಸಬಹುದು. ಆದರೆ ನಾವು ಉಸಿರಾಡುವ ಗಾಳಿಯಲ್ಲಿ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಇನ್ನೊಂದಕ್ಕೆ ತಾಗುತ್ತಿರುತ್ತದೆ. ತಾಗಿದಾಗಲೆಲ್ಲ ಶಕ್ತಿ ಕೈ ಬದಲಾಯಿಸುತ್ತದೆ. ಈ ಕ್ಷಣ ಬಡವಾಗಿದ್ದ ಅಣು ಮರುಕ್ಷಣ ಸಿರಿವಂತ. ತಾಗಿದ್ದೆಲ್ಲ ಕ್ರಿಯೆಯಾಗುವಂತಿದ್ದರೆ ಕಟ್ಟಿಗೆ, ಕಾಗದ, ಎಣ್ಣೆ ಯಾವುದೂ ಗಾಳಿಯಲ್ಲಿ ಒಂದು ಗಳಿಗೆ ಉಳಿಯುತ್ತಿರಲಿಲ್ಲ. ಈ ಗೋಡೆ ಇರುವುದರಿಂದಲೇ ಜಗತ್ತು ನಿಂತಿದೆ.

ದ್ವಿತೀಯ ಪಿಯು ಪ್ರಾಕ್ಟಿಕಲ್‌ನಲ್ಲಿ ಇದನ್ನು ಕಣ್ಣಾರೆ ನೋಡುವ ಅವಕಾಶ ಪ್ರತಿ ವಿದ್ಯಾರ್ಥಿಗೂ ಸಿಗುತ್ತದೆ, ಆದರೆ ಹೆಚ್ಚಿನವರು ಗಮನಿಸದೆ ದಾಟಿಬಿಡುತ್ತಾರೆ. ಹನಿ ಹನಿಯಾಗಿ ಬಿಡುವ ಗಾಜಿನ ಕೊಳವೆ, ಅಂದರೆ ಬ್ಯೂರೆಟ್‌ನಲ್ಲಿ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್. ಕೆಳಗಿನ ಕೋನಿಕಲ್ ಫ್ಲಾಸ್ಕ್‌ನಲ್ಲಿ ಮೋರ್ಸ್ ಸಾಲ್ಟ್ ಎಂಬ ಕಬ್ಬಿಣದ ಲವಣದ ದ್ರಾವಣ, ಜೊತೆಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ಹನಿ ಬಿದ್ದ ತಕ್ಷಣ ಬಣ್ಣ ಮಾಯ. ಬಿಸಿ ಮಾಡುವ ಗೋಜೇ ಇಲ್ಲ. ಮೋರ್ಸ್ ಸಾಲ್ಟ್ ಜಾಗದಲ್ಲಿ ಆಕ್ಸಾಲಿಕ್ ಆಮ್ಲ ಇಟ್ಟರೆ ಮಾತ್ರ ಲೆಕ್ಚರರ್ ಹೇಳುತ್ತಾರೆ, 'ಫ್ಲಾಸ್ಕನ್ನು 60-70 ಡಿಗ್ರಿಗೆ ಬಿಸಿ ಮಾಡಿಕೊಳ್ಳಿ, ಬರಿಗೈಲಿ ಹಿಡಿಯೋಕೆ ಆಗಬಾರದು, ಆದರೆ ಕುದಿಸಬೇಡಿ.' ಏಕೆ? ಎರಡೂ ಕಡೆ ಬೀಳುವುದು ಅದೇ ಪರ್ಮಾಂಗನೇಟ್. ಮೋರ್ಸ್ ಸಾಲ್ಟಿನ ಕಬ್ಬಿಣದ ಅಯಾನು ಒಂದು ಇಲೆಕ್ಟ್ರಾನ್ ಕೊಟ್ಟರೆ ಮುಗಿಯಿತು, ಗೋಡೆ ತಗ್ಗು. ಆಕ್ಸಾಲಿಕ್ ಆಮ್ಲದಲ್ಲಿ ಎರಡು ಇಂಗಾಲದ ನಡುವಿನ ಬಂಧವೇ ಮುರಿದು ಕಾರ್ಬನ್ ಡೈ ಆಕ್ಸೈಡ್ ಹೊರಬರಬೇಕು, ಗೋಡೆ ಎತ್ತರ. ತಣ್ಣಗಿದ್ದಾಗ ಹನಿ ಹಾಕಿದರೆ ನಸುಗೆಂಪು ಬಣ್ಣ ಹಾಗೇ ನಿಂತಿರುತ್ತದೆ, ಟೈಟ್ರೇಶನ್ (ಹೀಗೆ ಹನಿ ಹಾಕಿ ಪ್ರಮಾಣ ಅಳೆಯುವ ಪ್ರಯೋಗ) ಮುಗಿಯಿತೆಂದು ಮೋಸಹೋಗುವುದೂ ಉಂಟು. ಬಿಸಿ ಫ್ಲಾಸ್ಕ್‌ನಲ್ಲೂ ಮೊದಲ ಹನಿಯ ಬಣ್ಣ ಕೊಂಚ ತಡೆದು ಹೋಗುತ್ತದೆ, ಆಮೇಲಿನ ಹನಿಗಳದು ಬೇಗ ಬೇಗ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಅರ್ಹೇನಿಯಸ್ ತಮ್ಮ ವಾದಕ್ಕೆ ಆಧಾರವಾಗಿ ಹಿಡಿದದ್ದು ಸಕ್ಕರೆಯನ್ನು. ಸಕ್ಕರೆ ನೀರಿನಲ್ಲಿ ಆಮ್ಲ ಬೆರೆತಾಗ ಒಂದೊಂದು ಸಕ್ಕರೆ ಅಣುವೂ ಒಡೆದು ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಆಗುತ್ತದೆ. 1850ರಲ್ಲೇ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಈ ಕ್ರಿಯೆಯ ವೇಗವನ್ನು ಅಳೆದಿದ್ದರು. ಕ್ರಿಯೆಯನ್ನು ನಿಲ್ಲಿಸಬೇಕಿಲ್ಲ, ದ್ರಾವಣದ ಮೂಲಕ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು ಹಾಯಿಸಿ ಆ ಸಮತಲ ತಿರುಗುವ ಕೋನ ನೋಡಿದರೆ ಸಾಕು, ಎಷ್ಟು ಸಕ್ಕರೆ ಒಡೆದಿದೆ ಎಂದು ತಿಳಿಯುತ್ತದೆ. ತಾಪಮಾನಕ್ಕೂ ಕ್ರಿಯೆಗಳಿಗೂ ಇರುವ ನಂಟನ್ನು ಗಣಿತಕ್ಕೆ ತಂದವರು ಹಾಲೆಂಡಿನ ವಾಂಟ್ ಹಾಫ್, 1884ರಲ್ಲಿ. ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಅವರಿಗೇ ಬಂತು. ಆ ಗಣಿತಕ್ಕೆ ಅಣುಗಳ ಅರ್ಥ ತುಂಬಿದ್ದು ಅರ್ಹೇನಿಯಸ್.

ಯುರೋಪಿನ ಪ್ರಯೋಗಾಲಯಗಳಲ್ಲಿ ಅಳೆದ ಅದೇ ಕ್ರಿಯೆ ನಮ್ಮ ಅಡುಗೆಮನೆಗಳಲ್ಲೂ ನಡೆಯುತ್ತದೆ. ಸಕ್ಕರೆ ಪಾಕ ಹರಳುಗಟ್ಟದಿರಲಿ ಎಂದು ನಾಲ್ಕು ಹನಿ ನಿಂಬೆಹುಳಿ ಹಿಂಡುತ್ತೇವಲ್ಲ, ಅದು ಈ ಕ್ರಿಯೆಗಾಗಿಯೇ. ಒಡೆದ ಸಕ್ಕರೆ ಉಳಿದ ಸಕ್ಕರೆಗೆ ಹರಳಾಗಿ ಕೂಡಿಕೊಳ್ಳಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಕುಡಿಯುವ ನಿಂಬೆ ಶರಬತ್ತಿನಲ್ಲೂ ಇರುವುದು ಅದೇ ಸಕ್ಕರೆ, ಅದೇ ನಿಂಬೆ. ಅಲ್ಲಿ ಏನೂ ಆಗುವುದಿಲ್ಲವೆಂದಲ್ಲ, ಆಗುತ್ತಿರುವುದು ನಮಗೆ ತಿಳಿಯುವುದಿಲ್ಲ ಅಷ್ಟೇ. ಸಕ್ಕರೆ ಒಡೆಯುವ ಈ ಕ್ರಿಯೆಯ ಗೋಡೆ ಎತ್ತರದ್ದು, ಮೋಲ್‌ಗೆ ಸುಮಾರು 108 ಕಿಲೋಜೂಲ್. 30 ಡಿಗ್ರಿಯ ಶರಬತ್ತಿಗೂ 107 ಡಿಗ್ರಿಯ ಪಾಕಕ್ಕೂ ಲೆಕ್ಕ ಹಾಕಿದರೆ ವೇಗದಲ್ಲಿ ಐದಾರು ಸಾವಿರ ಪಟ್ಟು ವ್ಯತ್ಯಾಸ. ಹುಳಿ ಒಂದೇ ಪ್ರಮಾಣದಲ್ಲಿದೆ ಎಂದಿಟ್ಟುಕೊಂಡರೆ, ಪಾಕದಲ್ಲಿ ಐದು ನಿಮಿಷಕ್ಕೆ ಆಗುವುದು ಶರಬತ್ತಿನಲ್ಲಿ ಆಗಲು ಮೂರು ವಾರ ಬೇಕು.

ಭದ್ರಾ ಕಾಲುವೆಯ ಅಚ್ಚುಕಟ್ಟಿನ ಕಡೆ ಕಬ್ಬು ಬೆಳೆಯುವವರು, ಆಲೆಮನೆ ನಡೆಸುವವರು ಇದೇ ಕ್ರಿಯೆಯ ವಿರುದ್ಧ ಹೋರಾಡುತ್ತಾರೆ. ಕಬ್ಬಿನ ಹಾಲು ತಾನೇ ಸ್ವಲ್ಪ ಹುಳಿ. ಅದನ್ನು ಹಾಗೇ ಗಂಟೆಗಟ್ಟಲೆ ಕುದಿಸಿದರೆ ಸಕ್ಕರೆ ಒಡೆದು ಬೆಲ್ಲ ಗಟ್ಟಿಯಾಗದೆ ಜಿಗುಟಾಗುತ್ತದೆ. ಅದಕ್ಕೇ ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕಿ ಹುಳಿ ಮುರಿಯುತ್ತಾರೆ. ಒಲೆಯ ತಾಪ ತಗ್ಗಿಸುವಂತಿಲ್ಲ, ನೀರು ಆರಬೇಕು. ಆದ್ದರಿಂದ ಕ್ರಿಯೆಯ ಇನ್ನೊಂದು ಕಾಲನ್ನು ಹಿಡಿದೆಳೆಯುತ್ತಾರೆ.

ಹತ್ತು ಡಿಗ್ರಿಗೆ ಎರಡು ಪಟ್ಟು ಎಂಬುದು ನಿಯಮವಲ್ಲ, ಅಂದಾಜು. ಸುಮಾರು 53 ಕಿಲೋಜೂಲ್ ಗೋಡೆಯಿರುವ ಕ್ರಿಯೆಗೆ, ನಮ್ಮ ಸುತ್ತಲಿನ ಹವೆಯಲ್ಲಿ ಮಾತ್ರ ಅದು ಸರಿಯಾಗಿ ಹೊಂದುತ್ತದೆ. ಗೋಡೆ 100 ಕಿಲೋಜೂಲ್ ಇದ್ದರೆ ಅದೇ ಹತ್ತು ಡಿಗ್ರಿಗೆ ವೇಗ ಮೂರೂವರೆ ಪಟ್ಟು ದಾಟುತ್ತದೆ. ಗೋಡೆ ಎತ್ತರವಿದ್ದಷ್ಟೂ ಕ್ರಿಯೆ ನಿಧಾನ, ಆದರೆ ಬಿಸಿಗೆ ಅದು ಹೆಚ್ಚು ಸೂಕ್ಷ್ಮ. ಈ ಒಂದು ವಾಕ್ಯವನ್ನು ಮಕ್ಕಳು ಅರ್ಥ ಮಾಡಿಕೊಂಡರೆ ಅರ್ಧ ಅಧ್ಯಾಯ ಮುಗಿದಂತೆ. ಏಕೆಂದರೆ ಇದರ ಪ್ರಕಾರ ಬಿಸಿ ಎಲ್ಲ ಕ್ರಿಯೆಗಳನ್ನೂ ಒಂದೇ ಸಮ ಓಡಿಸುವುದಿಲ್ಲ. ಯಾವುದನ್ನು ಮುಂದೆ ಬಿಡಬೇಕು ಎಂದು ಆರಿಸುತ್ತದೆ.

ಪ್ಯಾಕೆಟ್ ಹಾಲನ್ನೇ ನೋಡಿ. ಹಾಲನ್ನು ಪ್ಯಾಶ್ಚರೀಕರಿಸಲು ಎರಡು ದಾರಿಗಳು ರೂಢಿಯಲ್ಲಿವೆ: 63 ಡಿಗ್ರಿಯಲ್ಲಿ ಅರ್ಧ ಗಂಟೆ, ಇಲ್ಲವೇ 72 ಡಿಗ್ರಿಯಲ್ಲಿ ಹದಿನೈದು ಸೆಕೆಂಡು. ಒಂಬತ್ತು ಡಿಗ್ರಿ ಏರಿದ್ದಕ್ಕೆ ಸಮಯ ನೂರಿಪ್ಪತ್ತು ಪಟ್ಟು ಕಡಿಮೆ! ಎರಡು ಪಟ್ಟಿನ ಅಂದಾಜು ಹಿಡಿದಿದ್ದರೆ ಅರ್ಧ ಗಂಟೆ ಕಾಲು ಗಂಟೆಯ ಸುಮಾರಿಗೆ ಇಳಿಯಬೇಕಿತ್ತು. ರೋಗಾಣು ಸಾಯುವುದೆಂದರೆ ಅದರ ಪ್ರೋಟೀನ್‌ಗಳ ಮಡಿಕೆ ಬಿಚ್ಚಿಹೋಗುವುದು. ಆ ಮಡಿಕೆಯನ್ನು ಹಿಡಿದಿಟ್ಟ ನೂರಾರು ಸಣ್ಣ ಬಂಧಗಳು ಒಟ್ಟಿಗೇ ಸಡಿಲವಾಗಬೇಕು, ಹಾಗಾಗಿ ಗೋಡೆ ಬಹಳ ಎತ್ತರ, ಬಿಸಿ ತಾಗಿದಾಗ ಏರಿಕೆಯೂ ವಿಪರೀತ. ಹಾಲಿನ ರುಚಿ, ಬಣ್ಣ, ಜೀವಸತ್ವ ಕೆಡುವ ಕ್ರಿಯೆಗಳ ಗೋಡೆ ಅಷ್ಟು ಎತ್ತರವಲ್ಲ. ಹೆಚ್ಚು ಬಿಸಿಯಲ್ಲಿ ಕಡಿಮೆ ಹೊತ್ತು ಇಟ್ಟರೆ ರೋಗಾಣು ಸತ್ತಿರುತ್ತದೆ, ರುಚಿ ಕೆಡಲು ಸಮಯವೇ ಸಿಕ್ಕಿರುವುದಿಲ್ಲ.

ಇನ್ನು ಗೋಡೆಯನ್ನು ಹತ್ತದೆಯೇ ಒಳಗೆ ಹೋಗುವ ದಾರಿ. ಓಬವ್ವನ ಕಿಂಡಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಏಳು ಸುತ್ತಿನ ಕೋಟೆಯ ಎತ್ತರ ಎಷ್ಟಿದ್ದರೇನು, ಬಂಡೆಗಳ ನಡುವೆ ಒಬ್ಬ ನುಸುಳುವಷ್ಟು ಸಂದಿ ಇದ್ದರೆ ಸಾಕು. ವೇಗವರ್ಧಕ ಮಾಡುವುದು ಅದನ್ನೇ. ಅದು ಅಣುಗಳಿಗೆ ಹೊಸ ಶಕ್ತಿ ಕೊಡುವುದಿಲ್ಲ, ಗೋಡೆಯನ್ನು ಒಡೆಯುವುದೂ ಇಲ್ಲ, ಕಡಿಮೆ ಶಕ್ತಿ ಸಾಕಾಗುವ ಬೇರೆ ದಾರಿ ತೋರಿಸುತ್ತದೆ. ಆಕ್ಸಾಲಿಕ್ ಆಮ್ಲದ ಫ್ಲಾಸ್ಕ್‌ನಲ್ಲಿ ಮೊದಲ ಹನಿ ನಿಧಾನ, ಆಮೇಲಿನವು ಚುರುಕು ಎಂದೆನಲ್ಲ, ಅಲ್ಲಿ ಮೊದಲ ಹನಿಗಳಿಂದ ಹುಟ್ಟಿದ ಮ್ಯಾಂಗನೀಸ್ ಅಯಾನೇ ಮುಂದಿನ ಹನಿಗಳಿಗೆ ವೇಗವರ್ಧಕವಾಗುತ್ತದೆ.

ನಮ್ಮ ಬೆಣ್ಣೆ ದೋಸೆಯ ಹಿಟ್ಟು ಇಂಥ ಕಿಂಡಿಗಳ ಮೇಲೇ ನಡೆಯುತ್ತದೆ. ಅಕ್ಕಿ, ಉದ್ದು, ಒಂದಿಷ್ಟು ಮಂಡಕ್ಕಿ ಸೇರಿಸಿ ರುಬ್ಬಿಟ್ಟರೆ, ಕಿಣ್ವಗಳು, ಅಂದರೆ ಜೀವಿಗಳೇ ತಯಾರಿಸುವ ವೇಗವರ್ಧಕಗಳು, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ, ಲ್ಯೂಕನಾಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ಆ ಸಕ್ಕರೆ ತಿಂದು ಹುಳಿಯನ್ನೂ ಗಾಳಿಯನ್ನೂ ಬಿಡುತ್ತವೆ. ಏಪ್ರಿಲ್‌ನಲ್ಲಿ ಸಂಜೆ ರುಬ್ಬಿಟ್ಟ ಹಿಟ್ಟು ಬೆಳಗಿನ ಜಾವಕ್ಕೆ ಪಾತ್ರೆ ಮೀರಿ ಚೆಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ರಾತ್ರಿ ಹದಿನೈದು ಹದಿನಾರು ಡಿಗ್ರಿಗೆ ಇಳಿದಾಗ ಅದೇ ಅಳತೆಯ ಹಿಟ್ಟು ಬೆಳಿಗ್ಗೆ ಇಟ್ಟಲ್ಲೇ ಇರುತ್ತದೆ, ಒಲೆಯ ಪಕ್ಕ ಇಡುವುದೋ, ದಪ್ಪ ಬಟ್ಟೆ ಹೊದಿಸುವುದೋ ಮಾಡಬೇಕು. ಇಲ್ಲಿ ವ್ಯತ್ಯಾಸ ಎರಡು ಪಟ್ಟಿಗೆ ನಿಲ್ಲುವುದಿಲ್ಲ, ಯಾಕೆಂದರೆ ಒಂದು ಬ್ಯಾಕ್ಟೀರಿಯಾದ ಒಳಗಿನ ಕ್ರಿಯೆಗಳು ಜೋರಾದರೆ ಅದು ಬೇಗ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ರಾತ್ರಿಯಿಡೀ ಈ ಗುಣಾಕಾರ ನಡೆಯುತ್ತದೆ.

ಹಾಗೆಂದು ಹಿಟ್ಟನ್ನು ಇನ್ನೂ ಬಿಸಿ ಮಾಡಿದರೆ ಇನ್ನೂ ಬೇಗ ಹುದುಗೀತೇ? ಕುದಿಯುವ ನೀರು ಸುರಿದು ಕಲಸಿದರೆ ಹಿಟ್ಟು ಹುಳಿಯೇ ಬರುವುದಿಲ್ಲ. ಕಿಣ್ವವೂ ಪ್ರೋಟೀನೇ. ಅದು ಮಾಡುವ ಕೆಲಸದ ಗೋಡೆ ತಗ್ಗು, ಅದೇ ಕೆಟ್ಟುಹೋಗುವ ಕ್ರಿಯೆಯ ಗೋಡೆ ಎತ್ತರ. ತಂಪಿನಲ್ಲಿ ಕೆಲಸ ಗೆಲ್ಲುತ್ತದೆ. ಬಿಸಿ ಏರುತ್ತ ಹೋದಂತೆ ಎತ್ತರದ ಗೋಡೆಯ ಕ್ರಿಯೆ ದಾಪುಗಾಲು ಹಾಕಿ ಬಂದು ಕಿಣ್ವವನ್ನೇ ಮುಗಿಸಿಬಿಡುತ್ತದೆ. ಹಾಲಿನಲ್ಲಿ ರೋಗಾಣುವನ್ನು ಕೊಂದ ಲೆಕ್ಕವೇ ಇಲ್ಲಿ ಹಿಟ್ಟನ್ನು ಕೊಲ್ಲುತ್ತದೆ.

ಅದೇ ಹಿಟ್ಟು ಇಡ್ಲಿಯಾದರೆ ಬಿಳಿ, ದೋಸೆಯಾದರೆ ಹೊಂಬಣ್ಣ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ. ಕೆಳಗೆ ಎಷ್ಟೇ ಉರಿ ಹಾಕಿದರೂ ಇಡ್ಲಿ ಪಾತ್ರೆಯ ಹಬೆ ಅದನ್ನು ಮೀರುವುದಿಲ್ಲ. ದೋಸೆಯ ಹಂಚು ಹಾಗಲ್ಲ. ಕಟ್ಟಿಗೆ ಒಲೆಯ ಮುಂದೆ ನಿಂತ ಭಟ್ಟರು ಹಂಚಿನ ಮೇಲೆ ಒಂದು ಹಿಡಿ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುತ್ತಾರಲ್ಲ, ಆಗ ಹತ್ತಿರ ನಿಂತು ಕಿವಿಗೊಟ್ಟು ಕೇಳಬೇಕು. ನೀರು ನಿಧಾನ ಸುರ್ರೆಂದು ಹರಡಿದರೆ ಹಂಚು ಇನ್ನೂ ಕಾದಿಲ್ಲ. ಮುತ್ತುಗಳಾಗಿ ಉರುಳಾಡಿದರೆ ಅತಿಯಾಗಿ ಕಾದಿದೆ. ಹನಿಯ ಕೆಳಗೆ ಆವಿಯ ಪದರ ಎದ್ದು ಅದನ್ನು ಎತ್ತಿ ಹಿಡಿದಿದೆ. ಚಟ್ಟೆಂದು ಸದ್ದು ಮಾಡಿ ಆರಿದರೆ ಹದ. ಆ ನೀರು ಹಂಚಿನ ಕಾವನ್ನು ಅಳೆಯುವುದೂ ಹೌದು, ಆವಿಯಾಗುತ್ತ ಕಾವನ್ನು ಇಳಿಸುವುದೂ ಹೌದು. ಅಂಥ ಹಂಚಿನ ಮೇಲೆ ಹಿಟ್ಟಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದು ಬಣ್ಣ, ಆ ಪರಿಮಳ ಹುಟ್ಟುತ್ತದೆ. ಫ್ರಾನ್ಸಿನ ಮಾಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಇದು 140 ಡಿಗ್ರಿಗೆ ಶುರುವಾಗುತ್ತದೆ ಎಂದು ಅಲ್ಲಲ್ಲಿ ಬರೆದಿರುತ್ತಾರೆ. ಹಾಗೆ ಗಂಟೆ ಹೊಡೆದು ಶುರುವಾಗುವ ಕ್ರಿಯೆ ಯಾವುದೂ ಇಲ್ಲ. 98 ಡಿಗ್ರಿಯಲ್ಲೂ ಅದು ನಡೆಯುತ್ತಿರುತ್ತದೆ, ಖೋವಾಕ್ಕೆಂದು ಹಾಲನ್ನು ಬಹಳ ಹೊತ್ತು ಕಾಯಿಸಿದರೆ ಕಂದುಗಟ್ಟುವುದು ಅದರಿಂದಲೇ. ಇಡ್ಲಿಗೆ ಸಿಗುವ ಹತ್ತು ನಿಮಿಷದಲ್ಲಿ ಕಣ್ಣಿಗೆ ಕಾಣುವಷ್ಟು ಆಗುವುದಿಲ್ಲ, ಅಷ್ಟೇ.

ಕುಕ್ಕರ್ ಕೂಡ ಇದೇ ಲೆಕ್ಕ. ಒತ್ತಡ ಏರಿಸಿ ನೀರು ಕುದಿಯುವ ಮಟ್ಟವನ್ನು 120 ಡಿಗ್ರಿಯ ಹತ್ತಿರ ಒಯ್ಯುತ್ತದೆ, ತೊಗರಿಬೇಳೆ ಬೇಯುವ ಹೊತ್ತು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಫ್ರಿಜ್ ಇದರ ತಿರುಗುಮುರುಗು: 34 ಡಿಗ್ರಿಯ ಅಡುಗೆಮನೆಯಿಂದ 4 ಡಿಗ್ರಿಗೆ ಇಳಿಸಿದರೆ 50 ಕಿಲೋಜೂಲ್ ಗೋಡೆಯ ಕ್ರಿಯೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ನಿಲ್ಲುವುದಿಲ್ಲ. ಮನೆಯ ಇನ್ವರ್ಟರ್ ಬ್ಯಾಟರಿಯನ್ನು ಬಿಸಿಲು ಬೀಳುವ ಮೂಲೆಯಲ್ಲಿಟ್ಟರೆ ಒಳಗಿನ ಸವೆತದ ಕ್ರಿಯೆಗಳು ಜೋರಾಗಿ ಹತ್ತು ಡಿಗ್ರಿಗೆ ಆಯಸ್ಸು ಸುಮಾರು ಅರ್ಧವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಔಷಧದ ವಿಷಯದಲ್ಲಿ. ಮಾತ್ರೆಯ ಪಟ್ಟಿಯ ಮೇಲಿನ ಎಕ್ಸ್‌ಪೈರಿ ತಾರೀಖನ್ನು ಔಷಧ ತಯಾರಕರು ಇದೇ ಅರ್ಹೇನಿಯಸ್ ತಿಳಿವಳಿಕೆಯ ಬಲದಿಂದ ನಿರ್ಧರಿಸುತ್ತಾರೆ. ಮಾರುಕಟ್ಟೆಯಲ್ಲಿ ಎರಡು ಮೂರು ವರ್ಷ ಇರಬೇಕಾದ ಮಾತ್ರೆಯನ್ನು 40 ಡಿಗ್ರಿ ಬಿಸಿ, ಶೇಕಡಾ 75 ತೇವದ ಕೋಣೆಯಲ್ಲಿ ಆರು ತಿಂಗಳಿಟ್ಟು ಎಷ್ಟು ಕೆಟ್ಟಿತು ಎಂದು ನೋಡುತ್ತಾರೆ, ಸಾಮಾನ್ಯ ಹವೆಯಲ್ಲಿ ದೀರ್ಘಕಾಲ ಇಟ್ಟೂ ಪರೀಕ್ಷಿಸುತ್ತಾರೆ. ಆ ತಾರೀಖು ಪಟ್ಟಿಯ ಮೇಲೆ ಬರೆದ ತಾಪಮಾನದಲ್ಲಿ ಇಟ್ಟರೆ ಮಾತ್ರ ನಂಬತಕ್ಕದ್ದು. '30 ಡಿಗ್ರಿಗಿಂತ ಕಡಿಮೆ' ಎಂದು ಬರೆದ ಔಷಧವನ್ನು ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಡಬ್ಬಿಯಲ್ಲೋ, ಕಾರಿನ ಮುಂದಿನ ಗಾಜಿನ ಕೆಳಗೋ ದಿನವಿಡೀ ಬಿಟ್ಟರೆ ಕ್ಯಾಲೆಂಡರ್ ಹೇಳುವುದಕ್ಕಿಂತ ಬಹಳ ಮೊದಲೇ ಅದು ಹಳತಾಗಿರುತ್ತದೆ. ಇನ್ಸುಲಿನ್ ಅಂತೂ ಪ್ರೋಟೀನು, ಅದರ ಪಾಡು ಮೇಲೆ ಹೇಳಿದ ಕಿಣ್ವದ್ದೇ. ತೆರೆಯದ ಸೀಸೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಹೆಪ್ಪುಗಟ್ಟಿದರೂ ಕೆಡುತ್ತದೆ, ಆದ್ದರಿಂದ ಫ್ರೀಜರ್‌ಗೆ ತಾಗಿಸಿ ಇಡಬಾರದು. ಬಳಸಲು ಶುರು ಮಾಡಿದ ಸೀಸೆಯನ್ನು ಹೊರಗೆ ಸುಮಾರು ನಾಲ್ಕು ವಾರ ಇಡಬಹುದು ಎಂದು ಹೆಚ್ಚಿನ ಬಗೆಗಳ ಮೇಲೆ ಬರೆದಿರುತ್ತದೆ, ಆದರೆ ಅದು 25ರಿಂದ 30 ಡಿಗ್ರಿಯೊಳಗಿನ ಮಾತು. ಫ್ರಿಜ್ ಇಲ್ಲದ ಮನೆಯಲ್ಲಿ, ಬೇಸಿಗೆಯ ತಿಂಗಳುಗಳಲ್ಲಿ, ಸೀಸೆಯನ್ನು ನೀರು ತಾಗದಂತೆ ಡಬ್ಬಿಯಲ್ಲಿ ಹಾಕಿ ನೆರಳಲ್ಲಿರುವ ತೇವದ ಮಣ್ಣಿನ ಮಡಕೆಯೊಳಗೆ ಇಡುವುದು ಕಪಾಟಿನಲ್ಲಿ ಇಡುವುದಕ್ಕಿಂತ ಎಷ್ಟೋ ಮೇಲು.